ವಿದೇಶಿ ಕಂಪನಿ ಕೆಲಸದಿಂದ ತೆಗೆದಾಗ: ಸಹಿ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಸುಮಾರು ಹತ್ತೊಂಬತ್ತು ವರ್ಷ ಬೆಂಗಳೂರಿನಲ್ಲಿ ಒಂದು ವಿದೇಶಿ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. ಜನರನ್ನು ಕೆಲಸಕ್ಕೆ ತಗೊಂಡಿದ್ದೇನೆ. ಕೆಲಸದಿಂದ ಕಳಿಸಿಯೂ ಇದ್ದೇನೆ. ದಾವಣಗೆರೆಗೆ ವಾಪಸ್ ಬಂದು ಈಗ ಮೂರು ವರ್ಷ. ಇವರಿಗೆ ಕಂಪನಿ ಕಾಗದ ಓದೋಕೆ ಬರುತ್ತೆ ಅನ್ನೋ ಸುದ್ದಿ ಬಡಾವಣೆಯಲ್ಲಿ ಹಬ್ಬಿಬಿಟ್ಟಿದೆ. ಸಂಜೆ ಮಂಡಕ್ಕಿ ಕಲಸಿಕೊಂಡು ಕೂತಾಗಲೇ ಯಾರಾದರೂ ಗೇಟು ತಳ್ಳಿಕೊಂಡು ಬರುತ್ತಾರೆ. ಕೈಯಲ್ಲಿ ಫೋನು, ಫೋನಿನಲ್ಲಿ ಪಿಡಿಎಫ್.

ಹಾಗೆ ಬಂದ ಇಬ್ಬರನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಬ್ಬ ಎಸ್. ನಿಜಲಿಂಗಪ್ಪ ಬಡಾವಣೆಯ ಹುಡುಗ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮನೆಯಿಂದಲೇ. "ಹದಿನೈದು ನಿಮಿಷದ ಮೀಟಿಂಗ್ ಅಂಕಲ್. ಎಲ್ಲರ ಮೈಕೂ ಅವರೇ ಆಫ್ ಮಾಡಿದ್ರು. ಮುಗಿಯೋಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್" ಅಂದ. ಇನ್ನೊಬ್ಬರು ಚಿತ್ರದುರ್ಗದ ಕಡೆಯವರು. ಗುಡ್ಡದ ಮೇಲಿನ ವಿಂಡ್‌ಮಿಲ್ ಹತ್ತಿ ರಿಪೇರಿ ಮಾಡುವ ಟೆಕ್ನಿಷಿಯನ್. ಅವರಿದ್ದ ವಿಭಾಗವನ್ನೇ ಇನ್ನೊಂದು ಕಂಪನಿಗೆ ಮಾರಿದ್ದರು.

ದಾವಣಗೆರೆಗೆ ಕೆಲಸ ಹೋಗುವುದೇನೂ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಮ್ಮ ಹಿಂದಿನ ತಲೆಮಾರು ಕಣ್ಣಾರೆ ನೋಡಿದೆ. ಆದರೆ ಅವರಿಗೆ ಮಾಲೀಕ ಯಾರು ಅಂತ ಗೊತ್ತಿತ್ತು. ಹೋಗಿ ಕೂರೋಕೆ ಒಂದು ಗೇಟಾದರೂ ಇತ್ತು. ಈಗ ತೀರ್ಮಾನ ಆಗೋದು ಸಮುದ್ರದಾಚೆ, ಗೊತ್ತಾಗೋದು ಇಮೇಲಿನಲ್ಲಿ.

ಮೊದಲು: ಯಾವ ಕಾಗದಕ್ಕೂ ಅವತ್ತೇ ಸಹಿ ಹಾಕಬೇಡಿ

ಹುಡುಗನಿಗೆ ಎರಡು ಕಾಗದ ಬಂದಿದ್ದವು. ಒಂದರಲ್ಲಿ ರಾಜೀನಾಮೆ, "ವೈಯಕ್ತಿಕ ಕಾರಣಗಳಿಂದ" ಅಂತ ಅವರೇ ಟೈಪ್ ಮಾಡಿಟ್ಟದ್ದು. ಇನ್ನೊಂದು "ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ಒಪ್ಪಂದ". ಸಂಜೆ ಆರರೊಳಗೆ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಜಾಸ್ತಿ, ಇಲ್ಲದಿದ್ದರೆ ಇಲ್ಲ ಅಂತ ಫೋನಿನಲ್ಲಿ ಹೇಳಿದ್ದರಂತೆ.

ಆ ಗಡುವಿನ ಗುಟ್ಟು ನನಗೆ ಚೆನ್ನಾಗಿ ಗೊತ್ತು. ಮೇಜಿನ ಆ ಕಡೆ ಕೂತು ಇದೇ ಮಾತು ನಾನೂ ಹೇಳಿದ್ದೇನೆ, ಹೇಳಿದ್ದಕ್ಕೆ ಇವತ್ತಿಗೂ ಮುಜುಗರ ಇದೆ. ಗಡುವು ಕಾನೂನಿನದ್ದಲ್ಲ, ಕಂಪನಿಯದ್ದು. ನಿಮಗೆ ಯೋಚನೆ ಮಾಡೋಕೆ ಬಿಡಬಾರದು ಅಂತ ಇಡೋದು. ಕೇಳಿದರೆ ಎರಡು ಮೂರು ದಿನ ಕೊಟ್ಟೇ ಕೊಡುತ್ತಾರೆ.

ಇಷ್ಟು ಆತುರ ಯಾಕೆ? ಕಂಪನಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ನೋಟಿಸ್, ಪರಿಹಾರ, ಸರ್ಕಾರಕ್ಕೆ ತಿಳಿಸುವುದು ಎಲ್ಲ ಕಂಪನಿಯ ತಲೆ ಮೇಲೆ. ನೀವೇ ರಾಜೀನಾಮೆ ಕೊಟ್ಟರೆ ಇದ್ಯಾವುದೂ ಇಲ್ಲ. ತೆರಿಗೆಯಲ್ಲೂ ವ್ಯತ್ಯಾಸ ಆಗುತ್ತದೆ. ಕಾರ್ಮಿಕರಿಗೆ ಕಾನೂನಿನ ಪ್ರಕಾರ ಸಿಗುವ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 5 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ. ರಾಜೀನಾಮೆ ಕೊಡಿಸಿ "ಸದ್ಭಾವನೆಯಿಂದ" ಕೊಟ್ಟ ಹಣ ಸಾಮಾನ್ಯವಾಗಿ ಸಂಬಳದ ಲೆಕ್ಕಕ್ಕೇ ಸೇರಿ ತೆರಿಗೆ ಕಟ್ಟಾಗುತ್ತದೆ. ಒಂದೇ ಮೊತ್ತ, ಹೆಸರು ಬೇರೆ, ಕೈಗೆ ಬರೋದು ಬೇರೆ.

ಹಾಗಾದರೆ ರಾಜೀನಾಮೆ ಯಾವತ್ತೂ ತಪ್ಪಾ? ಅಲ್ಲ. ಅವರು ಕೊಡುವ ಮೊತ್ತ ಕಾನೂನಿನ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಇದ್ದರೆ, ಮುಂದಿನ ಕೆಲಸವೂ ಕೈಯಲ್ಲಿದ್ದರೆ, ಒಪ್ಪಿಕೊಂಡು ಹೊರಡುವುದೇ ಲಾಭ. ಆದರೆ ಲೆಕ್ಕ ಮಾಡಿ ಒಪ್ಪಿಕೊಳ್ಳಿ. ಹುಡುಗನಿಂದ ಅವತ್ತು ರಾತ್ರಿಯೇ ಎರಡು ಸಾಲಿನ ಇಮೇಲ್ ಕಳಿಸಿಸಿದೆ: "ರಾಜೀನಾಮೆ ಕೊಡುವ ಉದ್ದೇಶ ನನಗಿಲ್ಲ. ದಾಖಲೆಗಳನ್ನು ಓದಲು ಸಮಯ ಬೇಕು." ಜಗಳ ಇಲ್ಲ, ಬೈಗುಳ ಇಲ್ಲ. ಫೋನಿನಲ್ಲಿ ಒತ್ತಾಯ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಇಮೇಲಿಗೆ ತಾರೀಖು ಇರುತ್ತದೆ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ? ಬಲವಂತದ ರಾಜೀನಾಮೆ ರಾಜೀನಾಮೆಯೇ ಅಲ್ಲ ಅಂತ ವಾದಿಸಲು ಅವಕಾಶ ಇದೆ. ಆದರೆ ಬಲವಂತ ಇತ್ತು ಅಂತ ತೋರಿಸುವ ಹೊಣೆ ನಿಮ್ಮದು. ಆ ಒತ್ತಡದ ಬಗ್ಗೆ ಅದೇ ದಿನ ಅಥವಾ ಮರುದಿನವೇ ಬರೆದು ಕಳಿಸಿ. ಆರು ತಿಂಗಳಾದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಆಮೇಲೆ: ನಿಮ್ಮ ಮಾಲೀಕ ಯಾರು ಅಂತ ನೋಡಿ

ನೇಮಕಾತಿ ಪತ್ರ ತೆಗೆಯಿರಿ. ಐಡಿ ಕಾರ್ಡಿನ ಮೇಲೆ ಜಗತ್ತಿಗೆಲ್ಲ ಗೊತ್ತಿರುವ ಹೆಸರಿರಬಹುದು. ಪತ್ರದಲ್ಲಿ ಮಾತ್ರ ಇನ್ನೇನೋ "ಇಂಡಿಯಾ ಪ್ರೈವೇಟ್ ಲಿಮಿಟೆಡ್" ಅಂತ ಇರುತ್ತದೆ. ಕಾನೂನಿನ ಮಟ್ಟಿಗೆ ನಿಮ್ಮ ಮಾಲೀಕ ಅದೇ. ತೀರ್ಮಾನ ಎಲ್ಲೇ ಆಗಿರಲಿ, ಇಲ್ಲಿ ಕೆಲಸ ಮಾಡುವವರಿಗೆ ನಡೆಯೋದು ಇಲ್ಲಿನ ಕಾನೂನು.

ಇದು ಎರಡೂ ಕಡೆ ಕೊಯ್ಯುತ್ತದೆ. ಅಮೆರಿಕದಲ್ಲಿ ವಾರ್ನ್ ಅನ್ನೋ ಕಾಯ್ದೆ ಇದೆ, 1988ರದ್ದು. ನೂರು ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ದೊಡ್ಡ ಮಟ್ಟದ ಕಡಿತಕ್ಕೆ 60 ದಿನ ಮೊದಲು ನೋಟಿಸ್ ಕೊಡಬೇಕು. ಬ್ರಿಟನ್‌ನಲ್ಲಿ ಒಂದೇ ಜಾಗದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ತೆಗೆಯುವ ಮೊದಲು ನೌಕರರ ಪ್ರತಿನಿಧಿಗಳ ಜೊತೆ ಕೂತು ಮಾತಾಡಲೇಬೇಕು. ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಕಡೆ ಆ ಮಂಡಳಿಯನ್ನು ಬಿಟ್ಟು ಕಂಪನಿ ಹೆಜ್ಜೆ ಇಡುವ ಹಾಗಿಲ್ಲ. ನಿಮ್ಮ ಟೀಮಿನ ಅಮೆರಿಕದ ಗೆಳೆಯನಿಗೆ ಎರಡು ತಿಂಗಳ ಸಂಬಳ ಬಂತು, ನನಗೂ ಬರಬೇಕು ಅಂತ ವಾರ್ನ್ ಹೆಸರಿನಲ್ಲಿ ಕೇಳೋಕೆ ಆಗಲ್ಲ. ಹಾಗೆಯೇ "ನಮ್ಮ ಜಾಗತಿಕ ಪಾಲಿಸಿಯಲ್ಲಿ ಪರಿಹಾರ ಇಲ್ಲ" ಅಂತ ಅವರೂ ಹೇಳೋಕೆ ಆಗಲ್ಲ. ಇಲ್ಲಿನ ಕಾನೂನು ಕೊಡುವುದನ್ನು ಅಲ್ಲಿನ ಪಾಲಿಸಿ ಕಿತ್ತುಕೊಳ್ಳುವ ಹಾಗಿಲ್ಲ.

ಒಂದು ಪದದ ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. ಎಲ್ಲರೂ "ಲೇಆಫ್ ಆಯ್ತು" ಅಂತಾರೆ. ನಮ್ಮ ಕಾನೂನಿನಲ್ಲಿ ಲೇಆಫ್ ಅಂದರೆ ಕೆಲಸ ಹೋಗುವುದಲ್ಲ. ಕಚ್ಚಾ ಮಾಲು ಇಲ್ಲ, ಕರೆಂಟ್ ಇಲ್ಲ ಅಂತ ಕೆಲವು ದಿನ ಕೆಲಸ ಕೊಡಲಾಗದೆ ಹೋಗುವುದು. ಹೆಸರು ಹಾಜರಿಯಲ್ಲೇ ಇರುತ್ತದೆ, ನಿಯಮ ಅನ್ವಯಿಸುವ ಕಡೆ ಅರ್ಧ ಸಂಬಳ ಸಿಗುತ್ತದೆ. ಪೂರ್ತಿ ತೆಗೆಯುವುದು ರಿಟ್ರೆಂಚ್‌ಮೆಂಟ್. ಅರ್ಜಿ ಬರೆಯುವಾಗ ಈ ಪದವನ್ನೇ ಬರೆಯಿರಿ.

ನೀವು ಕಾನೂನಿನ ಕಣ್ಣಿಗೆ "ಕಾರ್ಮಿಕ"ರಾ?

ಇಡೀ ವಿಷಯದ ಕೀಲಿ ಇರೋದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೆಯ ಹಲವು ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು, ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆ ದಿನಕ್ಕಿಂತ ಮೊದಲು ಕೆಲಸ ಹೋದವರ ಹಕ್ಕು ಹಳೆಯ ಕಾಯ್ದೆಯ ಪ್ರಕಾರ. ಆಮೇಲಿನವರದ್ದು ಸಂಹಿತೆಯ ಪ್ರಕಾರ. ಅದೃಷ್ಟಕ್ಕೆ ಮೂಲ ಅಂಶಗಳು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ.

ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ, ಯಂತ್ರ ನಡೆಸುವುದು, ಇಂಥ ಕೆಲಸ ಮಾಡುವವರು ಕಾರ್ಮಿಕರು. ಅವರಿಗೆ ಸಂಬಳದ ಮಿತಿ ಇಲ್ಲ. ತಿಂಗಳಿಗೆ ಒಂದು ಲಕ್ಷ ಬಂದರೂ ಮಾಡುವುದು ತಾಂತ್ರಿಕ ಕೆಲಸವಾಗಿದ್ದರೆ ಕಾರ್ಮಿಕ ಅಂತ ವಾದಿಸಬಹುದು. ಮುಖ್ಯವಾಗಿ ಆಡಳಿತ ಅಥವಾ ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ. ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ ಸಂಬಳದ ಗೆರೆ ಇದೆ: ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ, ಸಂಹಿತೆಯಲ್ಲಿ 18,000. ಅದಕ್ಕಿಂತ ಜಾಸ್ತಿ ಬಂದರೆ ಅವರೂ ಹೊರಗೆ.

ಕಂಪನಿಗಳು ಎಲ್ಲರಿಗೂ "ಅಸೋಸಿಯೇಟ್ ಮ್ಯಾನೇಜರ್", "ಲೀಡ್" ಅಂತ ಬಿರುದು ಕೊಡುತ್ತವೆ. ಹುಡುಗನದ್ದೂ ಅದೇ, "ಲೀಡ್". ಅವನ ಕೈಕೆಳಗೆ ಒಬ್ಬರೂ ಇಲ್ಲ. ಯಾರಿಗೂ ರಜೆ ಮಂಜೂರು ಮಾಡಿಲ್ಲ, ಯಾರನ್ನೂ ನೇಮಿಸಿಲ್ಲ. ದಿನವಿಡೀ ಟೆಸ್ಟ್ ಓಡಿಸುವುದೇ ಕೆಲಸ. ಕೋರ್ಟುಗಳು ನೋಡುವುದು ಬಿರುದನ್ನಲ್ಲ, ದಿನನಿತ್ಯ ಏನು ಮಾಡುತ್ತಿದ್ದೀರಿ ಅನ್ನೋದನ್ನು. ಹಾಗಾಗಿ ಅವನಿಗೆ ಹೇಳಿದೆ: ಒಂದು ಹಾಳೆಯಲ್ಲಿ ನಿನ್ನ ಮಾಮೂಲಿ ಸೋಮವಾರ ಹೇಗಿರುತ್ತೆ ಅಂತ ಬರಿ, ನಿನ್ನ ಪರವಾಗಿ ಮೊದಲ ದಾಖಲೆ ಅದೇ.

ದಾವಣಗೆರೆ ಆಸ್ಪತ್ರೆಗಳ ಊರು, ಮೆಡಿಕಲ್ ರೆಪ್‌ಗಳಿಗೆ ಇಲ್ಲಿ ಬರ ಇಲ್ಲ. ಅವರಿಗೆ ವಿಶೇಷವಾಗಿ ಹೇಳಬೇಕು. ಔಷಧ ಮಾರಾಟ ಪ್ರತಿನಿಧಿಗಳಿಗೆ 1976ರಿಂದಲೇ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇತ್ತು. ಹೊಸ ಸಂಹಿತೆಯೂ ಅವರನ್ನು ಕಾರ್ಮಿಕರ ವ್ಯಾಖ್ಯೆಯಲ್ಲೇ ಸೇರಿಸಿಕೊಂಡಿದೆ. "ನೀವು ಎಕ್ಸಿಕ್ಯುಟಿವ್, ನಿಮಗೆ ಇದೆಲ್ಲ ಬರಲ್ಲ" ಅಂದರೆ ನಂಬಬೇಡಿ.

ಐಟಿಯವರಿಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನೇ ಇಲ್ಲ ಅಂತ. ಅದು ನಿಜವಲ್ಲ. ರಾಜ್ಯ ಸರ್ಕಾರ ಐಟಿ ವಲಯಕ್ಕೆ ವಿನಾಯಿತಿ ಕೊಡುತ್ತಾ ಬಂದದ್ದು ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನೋ ಕಾಯ್ದೆ) ಮಾತ್ರ, ಅದೂ ಷರತ್ತಿನ ಮೇಲೆ. ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನೋದೂ ಆ ಷರತ್ತುಗಳಲ್ಲಿ ಒಂದು. ರಿಟ್ರೆಂಚ್‌ಮೆಂಟ್ ಕಾನೂನಿನಿಂದ ಅವರಿಗೆ ವಿನಾಯಿತಿ ಇಲ್ಲ.

ನೀವು ನಿಜವಾಗಿಯೂ ಮ್ಯಾನೇಜರ್ ಆಗಿದ್ದರೆ ನಿಮ್ಮ ಆಧಾರ ನೇಮಕಾತಿ ಪತ್ರ. ಅದರಲ್ಲಿರುವ ನೋಟಿಸ್ ಅವಧಿ, ಬೋನಸ್, ಷೇರುಗಳ ಷರತ್ತು. ಅದನ್ನು ಸಿವಿಲ್ ಕೋರ್ಟಿನಲ್ಲಿ ಕೇಳಬೇಕು. ಕಾರ್ಮಿಕರೂ ಅಲ್ಲದ, ಆಡಳಿತದ ಹುದ್ದೆಯೂ ಅಲ್ಲದ ಕಚೇರಿ ನೌಕರರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಬಿಡದೆ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವ ಹಾಗಿಲ್ಲ ಅಂತ ಅದು ಹೇಳುತ್ತದೆ.

ಕಂಪನಿ ಏನೇನು ಪಾಲಿಸಬೇಕು

ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ನಿರಂತರ ಸೇವೆ ಆಯಿತು ಅಂತ ಲೆಕ್ಕ. ಸಂಬಳ ಸಹಿತ ರಜೆ, ಸಂಬಳ ಸಿಗುವ ಭಾನುವಾರಗಳನ್ನೂ ಇದರಲ್ಲಿ ಸೇರಿಸಬೇಕು. ಭಾನುವಾರದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕೆಲಸಗಾರರ ಪ್ರಕರಣದಲ್ಲಿ ಇತ್ಯರ್ಥ ಆಯಿತು. ನೋಡಿ, ಅದೂ ಒಂದು ವಿದೇಶಿ ಕಂಪನಿಯೇ.

ಒಂದು ವರ್ಷ ದಾಟಿದ ಕಾರ್ಮಿಕರನ್ನು ತೆಗೆಯಬೇಕಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ದಿನದ ಸಂಬಳ ಕೊಡಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. ಸರ್ಕಾರಕ್ಕೆ ತಿಳಿಸಬೇಕು. ಕೆಲಸದಿಂದ ತೆಗೆಯುವಾಗಲೇ ಹಣ ಕೊಡಬೇಕು, ಆಮೇಲೆ ನಿಧಾನವಾಗಿ ಅಲ್ಲ. ಇದು ತಪ್ಪಿದರೆ ಆ ರಿಟ್ರೆಂಚ್‌ಮೆಂಟೇ ಅಸಿಂಧು ಅಂತ ಕೋರ್ಟುಗಳು ಹೇಳುತ್ತಾ ಬಂದಿವೆ. ಆದರೆ ಅಸಿಂಧು ಅಂದ ಮಾತ್ರಕ್ಕೆ ಕುರ್ಚಿ ವಾಪಸ್ ಸಿಗುತ್ತೆ ಅಂದುಕೊಳ್ಳಬೇಡಿ. ಈಚೆಗೆ ಎಷ್ಟೋ ತೀರ್ಪುಗಳಲ್ಲಿ ಮರುನೇಮಕದ ಬದಲು ಒಂದು ಮೊತ್ತ ಕೊಡಿಸಿ ಮುಗಿಸಿದ್ದಾರೆ.

ಜಾಗತಿಕ ಕಂಪನಿಗಳು ಎಡವೋದು ಇನ್ನೊಂದು ಕಡೆ. "ಕೊನೆಗೆ ಬಂದವರು ಮೊದಲು ಹೋಗಬೇಕು" ಅನ್ನೋದು ನಮ್ಮ ನಿಯಮ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಎಲ್ಲರಿಗಿಂತ ಹೊಸಬರನ್ನು ಮೊದಲು ತೆಗೆಯಬೇಕು. ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ಕಂಪನಿಗಳ ಪದ್ಧತಿ ಉಲ್ಟಾ. ಎಲ್ಲರಿಗೂ ಅಂಕ ಹಾಕಿ ಕೆಳಗಿನ ಶೇಕಡಾ ಇಷ್ಟು ಜನ ಅಂತ ಗೆರೆ ಎಳೆಯುತ್ತಾರೆ. ಇಲ್ಲವೇ ಸಂಬಳ ಜಾಸ್ತಿ ಇರುವ ಹಳಬರನ್ನೇ ಆರಿಸುತ್ತಾರೆ. ಆ ಪಟ್ಟಿ ಹೊರದೇಶದ ಎಕ್ಸೆಲ್ ಶೀಟಿನಲ್ಲಿ ತಯಾರಾಗಿರುತ್ತದೆ, ಇಲ್ಲಿನ ಎಚ್‌ಆರ್‌ಗೆ ಹೆಸರು ಮಾತ್ರ ಬರುತ್ತದೆ. ನಿಮಗಿಂತ ಆಮೇಲೆ ಸೇರಿ, ಅದೇ ಕೆಲಸ ಮಾಡುತ್ತಾ ಈಗಲೂ ಉಳಿದವರು ಯಾರಿದ್ದಾರೆ ಅಂತ ಬರೆದಿಟ್ಟುಕೊಳ್ಳಿ. ಅವರ ಮೇಲೆ ಹೊಟ್ಟೆಕಿಚ್ಚಿನಿಂದಲ್ಲ, ಪ್ರಶ್ನೆ ಕೇಳೋಕೆ.

"ಇದು ಕಡಿತ ಅಲ್ಲ, ನಿಮ್ಮ ಪರ್ಫಾರ್ಮೆನ್ಸ್ ಸರಿಯಿಲ್ಲ" ಅಂತಲೂ ಹೇಳಬಹುದು. ಶಿಸ್ತು ಕ್ರಮದ ಶಿಕ್ಷೆಯಾಗಿ ಅಲ್ಲದೆ, ಬೇರೆ ಯಾವ ಕಾರಣಕ್ಕೆ ತೆಗೆದರೂ ಅದು ರಿಟ್ರೆಂಚ್‌ಮೆಂಟೇ ಅಂತ 1990ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ನಿವೃತ್ತಿ, ಸ್ವಯಂ ನಿವೃತ್ತಿ, ಕರಾರಿನ ಅವಧಿ ಮುಗಿಯುವುದು, ಇಂಥ ಕೆಲವು ಮಾತ್ರ ಇದಕ್ಕೆ ಹೊರತು. ತಪ್ಪು ಮಾಡಿದ್ದಾರೆ ಅನ್ನೋದಾದರೆ ಆರೋಪ ಪಟ್ಟಿ ಕೊಟ್ಟು ವಿಚಾರಣೆ ನಡೆಸಬೇಕು.

ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ತೆಗೆಯುವ ಮೊದಲೇ ಸರ್ಕಾರದ ಅನುಮತಿ ಬೇಕು. ಹಳೆಯ ಕಾಯ್ದೆಯಲ್ಲಿ ಈ ಸಂಖ್ಯೆ 100 ಇತ್ತು. ಮೂರು ಪಟ್ಟು ಏರಿಸಿದ್ದು ಕಾರ್ಮಿಕರಿಗೆ ನಷ್ಟ ಅಂತ ನನ್ನ ಅಭಿಪ್ರಾಯ. ನನ್ನ ಹಳೆಯ ಸಹೋದ್ಯೋಗಿಗಳು ಒಪ್ಪೋದಿಲ್ಲ. ಐಟಿ ಕಚೇರಿಗಳಿಗಂತೂ ಈ ಅನುಮತಿಯ ನಿಯಮ ಮೊದಲಿಂದಲೂ ಇಲ್ಲ.

ಹೆರಿಗೆ ರಜೆಯಲ್ಲಿರುವವರನ್ನು ಆ ರಜೆಯ ಅವಧಿಯಲ್ಲಿ ತೆಗೆಯುವುದು ಕಾನೂನುಬಾಹಿರ. ಇಡೀ ಟೀಮನ್ನೇ ತೆಗೆದರೂ ಅವರ ವಿಷಯವನ್ನು ಬೇರೆಯಾಗಿಯೇ ನೋಡಬೇಕು.

ಲೆಕ್ಕ ಹಾಕಿ

ಕಾಗದ ಪೆನ್ನು ತಗೊಳ್ಳಿ. ಕೆಲಸ ಮಾಡಿದ್ದು 6 ವರ್ಷ 7 ತಿಂಗಳು, ಕಾನೂನಿನ ವ್ಯಾಖ್ಯೆಯ ಪ್ರಕಾರ ತಿಂಗಳ ವೇತನ 24,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಆರು ತಿಂಗಳು ದಾಟಿದ ತುಂಡು ಪೂರ್ತಿ ವರ್ಷ ಅಂತ ಲೆಕ್ಕ. ಹಾಗಾಗಿ ಸೇವೆ 7 ವರ್ಷ.

ನೋಟಿಸ್ ಕೊಡದೆ ತೆಗೆದರೆ ಒಂದು ತಿಂಗಳ ಸಂಬಳ: 24,000.
ರಿಟ್ರೆಂಚ್‌ಮೆಂಟ್ ಪರಿಹಾರ, 15 ದಿನಕ್ಕೆ 12,000ದಂತೆ 7 ವರ್ಷಕ್ಕೆ: 84,000.
ಗ್ರ್ಯಾಚುಟಿ (ದೀರ್ಘ ಸೇವೆಗೆ ಕೊಡುವ ಹಣ), 24,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 7ರಿಂದ ಗುಣಿಸಿದರೆ: 96,923.
ಮರುಕೌಶಲ ನಿಧಿಯಿಂದ (ಕೆಲಸ ಹೋದವರು ಹೊಸ ಕೌಶಲ ಕಲಿಯಲಿ ಅಂತ ಇರುವ ನಿಧಿ) 15 ದಿನದ ವೇತನ: ಸುಮಾರು 12,000.

ಒಟ್ಟು 2,16,923. ಇದರ ಮೇಲೆ ಕೆಲಸ ಮಾಡಿದ ದಿನಗಳ ಸಂಬಳ, ಉಳಿದ ರಜೆಯ ದುಡ್ಡು.

ಗ್ರ್ಯಾಚುಟಿಗೆ 26ರಿಂದ ಭಾಗಿಸುತ್ತಾರೆ, ಪರಿಹಾರಕ್ಕೆ ಯಾಕೆ ಇಲ್ಲ ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 26ರ ಸೂತ್ರ ಇರೋದು ಗ್ರ್ಯಾಚುಟಿ ಕಾನೂನಿನಲ್ಲಿ ಮಾತ್ರ. ರಿಟ್ರೆಂಚ್‌ಮೆಂಟಿಗೆ 15 ದಿನ ಅಂದರೆ ಅರ್ಧ ತಿಂಗಳು.

ಗ್ರ್ಯಾಚುಟಿಗೆ ಐದು ವರ್ಷ ಸೇವೆ ಬೇಕು. ಹೊಸ ಸಂಹಿತೆಗಳಲ್ಲಿ ನಿಗದಿತ ಅವಧಿಯ ಕರಾರಿನವರಿಗೆ ಒಂದೇ ವರ್ಷ ಸಾಕು. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಮರುಕೌಶಲ ನಿಧಿ ಹೊಸ ಸಂಹಿತೆಯಲ್ಲಿ ಬಂದದ್ದು. ಅದಕ್ಕೆ ದುಡ್ಡು ಹಾಕಬೇಕಾದ್ದು ಕಂಪನಿ, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಸೇರಬೇಕು. ಸಂಬಳದ ಬಾಕಿಯನ್ನಂತೂ ತೆಗೆದ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. "ಫುಲ್ ಅಂಡ್ ಫೈನಲ್ ನಲವತ್ತೈದು ದಿನ ಆಗುತ್ತೆ" ಅನ್ನೋದು ನಾವು ಎಚ್‌ಆರ್‌ನವರು ಹೇಳಿ ಹೇಳಿ ಕಾನೂನು ಅನ್ನೋ ಹಾಗೆ ಮಾಡಿಬಿಟ್ಟ ಮಾತು.

ವೇತನ ಅಂದರೆ ಏನು ಅನ್ನೋದನ್ನೂ ನೋಡಿ. ಪೇಸ್ಲಿಪ್‌ನಲ್ಲಿ ಬೇಸಿಕ್ ಸಣ್ಣದಾಗಿ ತೋರಿಸಿ ಭತ್ಯೆಗಳನ್ನು ಉಬ್ಬಿಸುವುದು ಹಳೆಯ ಚಾಳಿ. ಹೊಸ ಸಂಹಿತೆಯಲ್ಲಿ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನಕ್ಕೆ ಸೇರುತ್ತದೆ. ಬೇಸಿಕ್ ಮಾತ್ರ ಹಿಡಿದು ಲೆಕ್ಕ ಕೊಟ್ಟಿದ್ದರೆ ಮತ್ತೆ ಕೇಳಿ.

ಈ ಮೊತ್ತದ ಪಕ್ಕ ಕಂಪನಿಯ ಆಫರ್ ಇಡಿ. ಹುಡುಗನಿಗೆ ಎರಡು ತಿಂಗಳ ಸಂಬಳ "ಜಾಸ್ತಿ" ಅಂದಿದ್ದರಲ್ಲ, ಅವನಿಗೆ ಕಾನೂನೇ ಕೊಡಬೇಕಾದ್ದು ಅದಕ್ಕಿಂತ ಜಾಸ್ತಿ ಇತ್ತು.

ವಿಭಾಗವನ್ನೇ ಮಾರಿದಾಗ

ಈಗ ವಿಂಡ್‌ಮಿಲ್ ಟೆಕ್ನಿಷಿಯನ್ ಕಥೆ. "ಕಂಪನಿ ಬದಲಾತು, ಕೆಲಸ ಅದೇ, ಫ್ಯಾನೂ ಅದೇ. ಹೊಸ ಆರ್ಡರ್ ಕೊಟ್ಟಾರೆ, ಸಹಿ ಮಾಡ್ಲೇನ್ರಿ ಅಣ್ಣಾರೇ?" ಅಂತ ಅವರ ಪ್ರಶ್ನೆ.

ಹೊಸ ಆರ್ಡರಿನಲ್ಲಿ ಸೇರಿದ ದಿನ ಅಂತ ಮೊನ್ನೆಯ ತಾರೀಖು ಹಾಕಿದ್ದರು. ಒಂಬತ್ತು ವರ್ಷದ ಸೇವೆ ಒಂದು ಗೆರೆಯಲ್ಲಿ ಮಾಯ. ಕಾನೂನು ಹೇಳುವುದು ಹೀಗೆ: ವ್ಯವಹಾರ ಕೈ ಬದಲಾದಾಗ ಹಳೆಯ ಮಾಲೀಕ ಪರಿಹಾರ ಕೊಡದೆ ಇರಬೇಕಾದರೆ ಮೂರು ವಿಷಯ ಸರಿ ಇರಬೇಕು. ಸೇವೆ ತುಂಡಾಗಬಾರದು. ಹೊಸ ಕಡೆಯ ಷರತ್ತುಗಳು ಹಿಂದಿನದ್ದಕ್ಕಿಂತ ಕಡಿಮೆ ಇರಬಾರದು. ಮುಂದೆ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕನದ್ದಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಳೆಯ ಕಂಪನಿ ಪರಿಹಾರ ಕೊಟ್ಟೇ ಕಳಿಸಬೇಕು.

ಹಾಗಾಗಿ ಹೊಸ ಪತ್ರದಲ್ಲಿ ಹುಡುಕಬೇಕಾದ್ದು ಸಂಬಳ ಅಲ್ಲ, ಮೂಲ ಸೇರ್ಪಡೆ ದಿನಾಂಕ. "ಹಿಂದಿನ ಸೇವೆಯನ್ನು ಎಲ್ಲ ಸೌಲಭ್ಯಗಳಿಗೂ ಪರಿಗಣಿಸಲಾಗುವುದು" ಅನ್ನೋ ಸಾಲು ಬರೆಸಿಕೊಳ್ಳಿ. ಅವರ ಜೊತೆಯ ಹನ್ನೊಂದು ಜನ ಸೇರಿ ಒಂದೇ ಪತ್ರ ಕೊಟ್ಟರು, ಸಾಲು ಬಂತು. ಒಬ್ಬೊಬ್ಬರೇ ಕೇಳಿದ್ದರೆ ಬರುತ್ತಿತ್ತಾ, ನನಗೆ ಅನುಮಾನ.

ಕಂಟ್ರಾಕ್ಟರ್ ಮೂಲಕ ಇರುವವರಿಗೆ ಸ್ಥಿತಿ ಕಷ್ಟ. ಕಾಗದದ ಮೇಲೆ ಅವರ ಮಾಲೀಕ ಕಂಟ್ರಾಕ್ಟರ್. ಆದರೂ ಅವನು ಸಂಬಳ ಬಾಕಿ ಇಟ್ಟು ಓಡಿಹೋದರೆ ಅದನ್ನು ಕೊಡುವ ಹೊಣೆ ಮೂಲ ಕಂಪನಿಯದ್ದು. ಗೇಟ್ ಪಾಸ್, ಹಾಜರಿ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ.

ಲಾಗಿನ್ ಹೋಗುವ ಮೊದಲು

ನೇಮಕಾತಿ ಪತ್ರ, ಇನ್‌ಕ್ರಿಮೆಂಟ್ ಪತ್ರಗಳು, ಪೇಸ್ಲಿಪ್‌ಗಳು, ಫಾರ್ಮ್ 16, ರಜೆಯ ಲೆಕ್ಕ, ಹಿಂದಿನ ವರ್ಷಗಳ ರೇಟಿಂಗ್. ಇವುಗಳ ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿ ಮೊದಲೇ ಇರಲಿ. ಇವು ನಿಮ್ಮ ಕಾಗದಗಳು. ಕಂಪನಿಯ ಕೋಡ್, ಗಿರಾಕಿಗಳ ಪಟ್ಟಿ, ಒಳಗಿನ ದಾಖಲೆ ಮಾತ್ರ ಮುಟ್ಟಬೇಡಿ. ಸಿಟ್ಟಿನಲ್ಲಿ ಅದನ್ನು ಕಾಪಿ ಮಾಡಿಕೊಂಡು, ಗೆಲ್ಲುವ ಕೇಸನ್ನು ಕೈಯಾರೆ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ವಿದೇಶದ ಮೂಲ ಕಂಪನಿ ಷೇರು ಅಥವಾ ಷೇರು ಕೊಳ್ಳುವ ಹಕ್ಕು ಕೊಟ್ಟಿದ್ದರೆ ಅದರ ಕಾಗದ ಬೇರೆಯೇ ಇರುತ್ತದೆ, ಹೆಚ್ಚಾಗಿ ಆ ದೇಶದ ಕಾನೂನಿಗೆ ಒಳಪಟ್ಟದ್ದು. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಅನ್ನೋದು ಅದರಲ್ಲಿರುತ್ತದೆ. ಕೊನೆಯ ದಿನ ಒಂದೆರಡು ವಾರ ಮುಂದೆ ಹೋದರೆ ಷೇರಿನ ಇನ್ನೊಂದು ಕಂತು ಕೈಗೆ ಬರುತ್ತದೆಯಾ ನೋಡಿ. ಸಂಬಳಕ್ಕಿಂತ ಈ ತಾರೀಖಿನ ಮೇಲೆ ಚೌಕಾಸಿ ಮಾಡುವುದು ಸುಲಭ.

"ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವ ಹಾಗಿಲ್ಲ" ಅನ್ನೋ ಷರತ್ತು ಕಂಡು ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲೆ ದುಡಿಮೆಯನ್ನು ತಡೆಯುವ ಕರಾರು ಸಿಂಧುವಲ್ಲ. ಗುಟ್ಟು ಕಾಪಾಡುವ ಷರತ್ತು ಮಾತ್ರ ಉಳಿಯುತ್ತದೆ.

ಪಿಎಫ್ ತೆಗೆಯೋಕೆ ಆತುರ ಬೇಡ. ಹತ್ತು ವರ್ಷ ಸೇವೆ ತುಂಬಿದರೆ ಪಿಂಚಣಿಗೆ ಅರ್ಹರಾಗುತ್ತೀರಿ, ಹೊಸ ಕೆಲಸಕ್ಕೆ ವರ್ಗಾಯಿಸಿದರೆ ವರ್ಷಗಳು ಕೂಡುತ್ತವೆ. ಇಎಸ್‌ಐ ಇದ್ದವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಬಗ್ಗೆ ಇಎಸ್‌ಐ ಶಾಖೆಯಲ್ಲಿ ಕೇಳಿ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನದವರೆಗೆ ಕೊಡುವ ಯೋಜನೆ ಅದು. ತಾವಾಗಿ ಬಿಟ್ಟವರಿಗೆ ಸಿಗುವುದಿಲ್ಲ. ಮತ್ತೆ ಅದೇ ರಾಜೀನಾಮೆಯ ಪ್ರಶ್ನೆ!

ಮಾತಿನಲ್ಲಿ ಮುಗಿಯದಿದ್ದರೆ

ಮೊದಲು ಕಂಪನಿಗೆ ಬರೆಯಿರಿ, ಲೆಕ್ಕದ ಸಮೇತ. ಏಳು ದಿನ ಕಾಯಿರಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತವೆ. ಲೆಕ್ಕ ಬಲ್ಲವರ ಜೊತೆ ಕಂಪನಿಗಳು ಜಗಳಕ್ಕೆ ಬೀಳುವುದಿಲ್ಲ.

ಆಗಲಿಲ್ಲ ಅಂದರೆ ಕಾರ್ಮಿಕ ಇಲಾಖೆ. ಬೆಂಗಳೂರಿನ ಕಚೇರಿಗೆ ಸೇರಿದವರು ಮನೆಯಿಂದ ಕೆಲಸ ಮಾಡುತ್ತಿದ್ದರೆ ಯಾವ ಊರಲ್ಲಿ ಅರ್ಜಿ ಹಾಕಬೇಕು ಅನ್ನೋ ತಕರಾರು ಬರುತ್ತದೆ. ದಾವಣಗೆರೆಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ನೇಮಕಾತಿ ಪತ್ರ ತಗೊಂಡು ಹೋಗಿ ಮೊದಲು ಅದನ್ನೇ ಕೇಳಿ. ಅರ್ಜಿ ಹೋದ ಮೇಲೆ ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕರೆಯುತ್ತಾರೆ. 45 ದಿನದಲ್ಲಿ ಬಗೆಹರಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅವಧಿ ಮುಖ್ಯ. ಹಳೆಯ ಕಾಯ್ದೆಯಲ್ಲಿ ಕೆಲಸ ಹೋದ ದಿನದಿಂದ ಮೂರು ವರ್ಷ ಇತ್ತು, ಸಂಹಿತೆಯಲ್ಲಿ ಎರಡೇ ವರ್ಷ. ಒಂದು ವರ್ಷದೊಳಗೆ ಕಂಪನಿ ಅದೇ ಕೆಲಸಕ್ಕೆ ಮತ್ತೆ ಜನ ತಗೊಂಡರೆ ತೆಗೆದ ಕಾರ್ಮಿಕರಿಗೆ ಮೊದಲ ಅವಕಾಶ ಕೊಡಬೇಕು. ಹಾಗಾಗಿ ಅವರ ಜಾಹೀರಾತುಗಳ ಮೇಲೂ ಒಂದು ಕಣ್ಣಿಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಐಟಿಯವರಿಗೆ 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಇದೆ. ಇಂಥ ಅರ್ಜಿಗಳು ಅವರಿಗೆ ಹೊಸದಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಇದೆ. 1987ರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಮೊದಲು ಫೋನ್ ಮಾಡಿ ಕೇಳಬೇಕು ಅಂದರೆ ಸಹಾಯವಾಣಿ 15100. ಹೋಗುವಾಗ ನೇಮಕಾತಿ ಪತ್ರ, ಕೊನೆಯ ಮೂರು ಪೇಸ್ಲಿಪ್, ಕಂಪನಿ ಕಳಿಸಿದ ಇಮೇಲ್‌ಗಳ ಪ್ರಿಂಟ್, ನೀವು ಬರೆದ ಆ "ಸೋಮವಾರದ ಹಾಳೆ", ಎಲ್ಲದರ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ.